ಇಪ್ಪತ್ತೊಂದು ದಿನಗಳ ಲೆಕ್ಕ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಮನೆಗಳಲ್ಲಿ ‘ದೊಡ್ಡ ಆಸ್ಪತ್ರೆ’ ಎಂದರೆ ಮಂಗಳೂರು ಎಂದೇ ಅರ್ಥ. ಮಂಜೇಶ್ವರ, ಹೊಸಂಗಡಿಗಳಿಂದ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ತಲುಪುವ ಪಟ್ಟಣ ಅದು. ಕಾಸರಗೋಡು ಪೇಟೆಯಿಂದಲೂ ಐವತ್ತು ಕಿಲೋಮೀಟರಿನ ಆಸುಪಾಸು. ಅದೇ ಪೇಟೆಯಿಂದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ ನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿದೆ. 1981ರಲ್ಲಿ ಸ್ಥಾಪನೆಗೊಂಡ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಂತೂ ಐನೂರು ಕಿಲೋಮೀಟರಿನಿಂದ ಆಚೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಕಾಯಿಲೆ ಬಿದ್ದವರು ಹಿಡಿಯುವ ದಾರಿ ಮಾತ್ರ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ದಾರಿಯಾಗಿಯೇ ಉಳಿಯಿತು.

ಆ ದಾರಿ 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಮುಚ್ಚಿಹೋಯಿತು. ಮಾರ್ಚ್ 24ರ ರಾತ್ರಿ ದೇಶಕ್ಕೆ ಇಪ್ಪತ್ತೊಂದು ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಆಗ ಕೇರಳದಲ್ಲಿ ಅತಿ ಹೆಚ್ಚು ಕೋವಿಡ್ ಪ್ರಕರಣಗಳು ಪತ್ತೆಯಾಗುತ್ತಿದ್ದ ಜಿಲ್ಲೆ ಕಾಸರಗೋಡು. ಸೋಂಕು ತನ್ನತ್ತ ಬಾರದಿರಲೆಂದು ಕರ್ನಾಟಕ ತಲಪಾಡಿಯ ಗಡಿಯನ್ನು ಮುಚ್ಚಿತು. ಒಳದಾರಿಗಳಿಗೆ ಅಡ್ಡಲಾಗಿ ಲಾರಿಗಳಲ್ಲಿ ಮಣ್ಣು ತಂದು ಸುರಿಯಲಾಯಿತು. ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಹಲವರು ಪ್ರಾಣ ಬಿಟ್ಟರು ಎಂದು ಆ ದಿನಗಳ ಪತ್ರಿಕೆಗಳು ವರದಿ ಮಾಡಿದವು. ತುರ್ತು ಚಿಕಿತ್ಸೆಗೆ ಹೋಗುವವರಿಗಾಗಿ ಹೆದ್ದಾರಿಯ ತಡೆಗಳನ್ನು ತೆರವು ಮಾಡಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಸೂಚಿಸಿತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ರೋಗಿಗಳು ತಲಪಾಡಿಯ ಮೂಲಕ ದಾಟಲು ಮಾನದಂಡಗಳು ನಿಗದಿಯಾಗಿವೆ ಎಂದು ಏಪ್ರಿಲ್ 7ರಂದು ನ್ಯಾಯಾಲಯಕ್ಕೆ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು.

ಈ ವಿವಾದದಲ್ಲಿ ಹೆಚ್ಚಾಗಿ ಕೇಳಿಬಂದದ್ದು ಹೃದಯಾಘಾತ, ಹೆರಿಗೆ, ಅಪಘಾತಗಳ ಮಾತು. ಅದು ಸಹಜ. ಎದೆ ಹಿಡಿದುಕೊಂಡು ಕುಸಿದವನನ್ನು ತಡೆದು ನಿಲ್ಲಿಸಿದರೆ ಅನ್ಯಾಯ ಕಣ್ಣಿಗೆ ಕಾಣುತ್ತದೆ. ಎದೆಯಲ್ಲಿ ಗಂಟೊಂದನ್ನು ಇಟ್ಟುಕೊಂಡು ಮನೆಯಲ್ಲಿ ಕುಳಿತ ಹೆಂಗಸು ಯಾವ ಚೆಕ್‌ಪೋಸ್ಟಿಗೂ ಬರಲಿಲ್ಲ. ಆದ್ದರಿಂದ ಯಾರೂ ಅವಳನ್ನು ತಡೆಯಲೂ ಇಲ್ಲ. ಅವಳಿಗಾದ ನಷ್ಟ ಆ ವಾರದ ಸುದ್ದಿಯಾಗಲಿಲ್ಲ. ಅದು ಲೆಕ್ಕಕ್ಕೆ ಬರತೊಡಗಿದ್ದು ತಿಂಗಳುಗಳ ಅನಂತರ, ವೈದ್ಯರು ‘ಸ್ವಲ್ಪ ಮೊದಲೇ ಬರಬಹುದಿತ್ತಲ್ಲ’ ಎಂದು ಕೇಳುವ ಹೊತ್ತಿಗೆ.

ಕ್ಯಾನ್ಸರ್ ಚಿಕಿತ್ಸೆ ಪಂಚಾಂಗವನ್ನು ನೋಡಿಕೊಂಡು ನಡೆಯುವ ಚಿಕಿತ್ಸೆ. ಲಾಕ್‌ಡೌನಿಗೆ ಗೊತ್ತುಮಾಡಿದ್ದ ಇಪ್ಪತ್ತೊಂದು ದಿನ ಎಂಬ ಅವಧಿಯೇ ಸ್ತನ ಕ್ಯಾನ್ಸರಿನ ರೋಗಿಗಳಿಗೆ ಮೊದಲಿನಿಂದ ಪರಿಚಿತವಾದದ್ದು: ಕೀಮೊಥೆರಪಿಯ ಒಂದು ಸುತ್ತಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಇರುವ ಅಂತರ ಅಷ್ಟೇ. ಇದಕ್ಕೆ ಕಾರಣವಿದೆ. ಕೀಮೊ ಔಷಧಿ ವೇಗವಾಗಿ ವಿಭಜನೆಗೊಳ್ಳುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನ ಕೋಶಗಳ ಜೊತೆಗೆ ರಕ್ತ ತಯಾರಾಗುವ ಮಜ್ಜೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ. ಔಷಧಿ ಏರಿಸಿದ ಒಂದೆರಡು ವಾರಗಳಲ್ಲಿ ಬಿಳಿ ರಕ್ತಕಣಗಳು ತೀರ ಇಳಿದು, ಮೂರನೆಯ ವಾರದ ಕೊನೆಗೆ ಮತ್ತೆ ಏರುತ್ತವೆ. ದೇಹ ಚೇತರಿಸಿಕೊಂಡು, ಗಡ್ಡೆ ಮಾತ್ರ ಇನ್ನೂ ಚೇತರಿಸಿಕೊಳ್ಳದ ಆ ಸಂದಿಯಲ್ಲಿ ಮುಂದಿನ ಸುತ್ತು ಆಗಬೇಕು. ತಡವಾದರೆ ಗಡ್ಡೆಗೂ ಉಸಿರಾಡಲು ಸಮಯ ಸಿಕ್ಕಂತಾಗುತ್ತದೆ. ಇಕ್ಕಟ್ಟು ಇರುವುದೂ ಇಲ್ಲಿಯೇ. ಬಿಳಿ ರಕ್ತಕಣ ಇಳಿದಿರುವ ದಿನಗಳಲ್ಲಿ ಸೋಂಕು ತಗಲಿದರೆ ಜೀವಕ್ಕೇ ಅಪಾಯ; ಮಹಾಮಾರಿಯ ಕಾಲದಲ್ಲಿ ಸೋಂಕು ಎಲ್ಲಕ್ಕಿಂತ ಹೆಚ್ಚಾಗಿ ಇದ್ದ ಸ್ಥಳ ಆಸ್ಪತ್ರೆ. ಹೋದರೂ ಭಯ, ಹೋಗದಿದ್ದರೂ ಭಯ.

ಗರ್ಭಕಂಠದ ಕ್ಯಾನ್ಸರಿನಲ್ಲಿ ದಿನಗಳ ಲೆಕ್ಕ ಇನ್ನೂ ಬಿಗಿ. ಶಸ್ತ್ರಚಿಕಿತ್ಸೆಯ ಹಂತ ದಾಟಿದವರಿಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನಗಳಂತೆ ಸುಮಾರು ಐದು ವಾರ ಹೊರಗಿನಿಂದ ವಿಕಿರಣ, ಅದರ ಜೊತೆಗೆ ವಾರಕ್ಕೊಮ್ಮೆ ಕೀಮೊ, ಕೊನೆಯಲ್ಲಿ ಗರ್ಭಕಂಠದ ಬಳಿಯೇ ವಿಕಿರಣದ ಮೂಲವನ್ನಿಟ್ಟು ಕೊಡುವ ಒಳ ಚಿಕಿತ್ಸೆ. ಇದಿಷ್ಟೂ ಎಂಟು ವಾರಗಳೊಳಗೆ ಮುಗಿಯಬೇಕು; ಅದಕ್ಕಿಂತ ಎಳೆದಷ್ಟೂ ರೋಗ ಹತೋಟಿಗೆ ಬರುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆಂಬುದು ವೈದ್ಯಲೋಕ ಬಹಳ ಹಿಂದೆಯೇ ಕಂಡುಕೊಂಡ ಸಂಗತಿ. ಪೈವಳಿಕೆಯ ಕಡೆಯ ಗೃಹಿಣಿಯೊಬ್ಬಳು ಮಾರ್ಚ್ ತಿಂಗಳ ಮೊದಲ ವಾರ ಮಂಗಳೂರಿನಲ್ಲಿ ಇಂಥ ಚಿಕಿತ್ಸೆಗೆ ತೊಡಗಿದ್ದಳೆಂದು ಇಟ್ಟುಕೊಳ್ಳಿ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳುಹಿಸಿ ಬಸ್ಸಿನಲ್ಲಿ ಹೋಗಿ, ಕೆಲವೇ ನಿಮಿಷಗಳ ವಿಕಿರಣ ಪಡೆದು, ಮಕ್ಕಳು ಶಾಲೆಯಿಂದ ಮರಳುವ ಹೊತ್ತಿಗೆ ಮನೆಯಲ್ಲಿರಬಹುದು. ಗಡಿಯಾಚೆಯ ಆಸ್ಪತ್ರೆಯ ದೊಡ್ಡ ಅನುಕೂಲ ಇದೇ ಆಗಿತ್ತು. ಮೂರನೆಯ ವಾರದಲ್ಲಿ ದಾರಿ ಮುಚ್ಚಿದರೆ ಅವಳು ಏನು ಮಾಡಬೇಕು? ವಿಕಿರಣ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟು ಬೇರೊಂದು ಕೇಂದ್ರದಲ್ಲಿ ಮುಂದುವರಿಸುವುದು ಬ್ಯಾಂಕಿನ ಖಾತೆ ಬದಲಿಸಿದಷ್ಟು ಸುಲಭವಲ್ಲ. ಹೊಸ ಕೇಂದ್ರ ಹೊಸದಾಗಿ ಸ್ಕ್ಯಾನ್ ಮಾಡಿ, ಕೊಟ್ಟಿರುವ ಪ್ರಮಾಣವನ್ನು ತಿಳಿದು, ಉಳಿದದ್ದನ್ನು ಲೆಕ್ಕ ಹಾಕಬೇಕು. ಅಷ್ಟರಲ್ಲಿ ಎಂಟು ವಾರ ಕಳೆದಿರುತ್ತದೆ.

ಸುಪ್ರೀಂ ಕೋರ್ಟಿನ ಮುಂದಿಟ್ಟ ವ್ಯವಸ್ಥೆಯ ಪ್ರಕಾರ ದಾಟಲು ಬೇಕಾದದ್ದು ‘ತುರ್ತು’ ಎಂಬ ಪ್ರಮಾಣಪತ್ರ. ಈ ಪದ ಹೃದ್ರೋಗಿಗೆ ಸರಿಹೊಂದುವಂತೆ ಕ್ಯಾನ್ಸರ್ ರೋಗಿಗೆ ಹೊಂದುವುದಿಲ್ಲ. ಇವತ್ತೇ ಹೋಗದಿದ್ದರೆ ಇವತ್ತೇ ಸಾಯುತ್ತಾಳೆಯೇ ಎಂದು ಕೇಳಿದರೆ ಉತ್ತರ ಇಲ್ಲ ಎಂದೇ. ಆದರೂ ಕಾಯುವಿಕೆಗೆ ಬೆಲೆಯಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರ ನವೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದರೆ ಸಾವಿನ ಸಂಭವ ಶೇ. 6ರಿಂದ 8ರಷ್ಟು ಹೆಚ್ಚುತ್ತದೆ. ಇದು ಬಹಳಷ್ಟು ರೋಗಿಗಳನ್ನು ಒಟ್ಟಿಗೆ ನೋಡಿದಾಗ ಸಿಗುವ ಸರಾಸರಿ. ಒಬ್ಬ ರೋಗಿಯ ಹಣೆಬರಹವಾಗಿ ಓದಬಾರದು. ಸಾವಿರಾರು ಮಂದಿ ಒಂದೇ ಸಮನೆ ತಡವಾದಾಗ ಮಾತ್ರ ಆ ಸರಾಸರಿಯೇ ಹೆಣಗಳ ಲೆಕ್ಕವಾಗುತ್ತದೆ.

ತಡವಾದವರು ಸಾವಿರಾರು ಮಂದಿಯೇ. ದೇಶದ 41 ಕ್ಯಾನ್ಸರ್ ಕೇಂದ್ರಗಳ ದಾಖಲೆಗಳನ್ನು ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ವೈದ್ಯರು ಹೋಲಿಸಿ ನೋಡಿ 2021ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟಿಸಿದರು. 2019ರ ಮಾರ್ಚಿನಿಂದ ಮೇ ವರೆಗಿನ ಮೂರು ತಿಂಗಳಲ್ಲಿ ಈ ಕೇಂದ್ರಗಳಿಗೆ ಹೊಸದಾಗಿ ಬಂದ ರೋಗಿಗಳು 1,12,270. 2020ರ ಅದೇ ಮೂರು ತಿಂಗಳಲ್ಲಿ 51,760. ಅರ್ಧಕ್ಕಿಂತಲೂ ಕಡಿಮೆ. ದೊಡ್ಡ ಶಸ್ತ್ರಚಿಕಿತ್ಸೆಗಳು 17,120ರಿಂದ 8,677ಕ್ಕೆ ಇಳಿದವು. ಹೊರರೋಗಿಗಳ ಕೀಮೊಥೆರಪಿ ಶೇ. 37ರಷ್ಟು, ವಿಕಿರಣ ಚಿಕಿತ್ಸೆ ಶೇ. 23ರಷ್ಟು ಕುಸಿಯಿತು. ರೋಗವನ್ನು ಮುಂಚಿತವಾಗಿ ಹುಡುಕುವ ತಪಾಸಣೆಯಂತೂ ಶೇ. 70ಕ್ಕೂ ಹೆಚ್ಚು ಕೇಂದ್ರಗಳಲ್ಲಿ ಒಂದೋ ಪೂರ್ತಿ ನಿಂತಿತ್ತು, ಇಲ್ಲವೇ ಎಂದಿನ ಕಾಲುಭಾಗಕ್ಕೂ ಕಡಿಮೆಯಾಗಿತ್ತು.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು ಅವುಗಳ ಏರುಪೇರು. ಚಿಕಿತ್ಸೆಗೆ ಆಗಲೇ ತೊಡಗಿದ್ದವರಲ್ಲಿ ಬಹುಮಂದಿ ಹೇಗೋ ಆಸ್ಪತ್ರೆ ತಲುಪಿದರು. ದೊಡ್ಡ ಕುಸಿತ ಹೊಸಬರದು. ಆ ಮೂರು ತಿಂಗಳು ದೇಶದಲ್ಲಿ ಕ್ಯಾನ್ಸರ್ ಅರ್ಧಕ್ಕೆ ಇಳಿದಿರಲಿಲ್ಲ. ಅರವತ್ತು ಸಾವಿರಕ್ಕೂ ಹೆಚ್ಚು ಮಂದಿ ಈ 41 ಕೇಂದ್ರಗಳ ಬಾಗಿಲಿಗೆ ಆ ಅವಧಿಯಲ್ಲಿ ಬರಲಿಲ್ಲ, ಅಷ್ಟೇ. ಅವರಲ್ಲಿ ಹೆಂಗಸರೆಷ್ಟು ಎಂಬುದನ್ನು ಊಹಿಸಲು ಒಂದು ಆಧಾರವಿದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2020ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ 1,78,361 ಮಹಿಳೆಯರಿಗೆ ಸ್ತನ ಕ್ಯಾನ್ಸರ್, 1,23,907 ಮಹಿಳೆಯರಿಗೆ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಬರುತ್ತದೆ. ಎರಡನ್ನೂ ಆರಂಭದಲ್ಲಿ ಹಿಡಿದರೆ ಗುಣಪಡಿಸುವ ಅವಕಾಶ ಚೆನ್ನಾಗಿದೆ, ಎರಡೂ ನಮ್ಮ ದೇಶದಲ್ಲಿ ತಡವಾಗಿಯೇ ಹಿಡಿಯಲ್ಪಡುತ್ತವೆ.

ಹೆಂಗಸರು ಬಾರದೆ ಉಳಿದದ್ದಕ್ಕೆ ಗಡಿಯೊಂದೇ ಕಾರಣವಾಗಿರಲಿಲ್ಲ. ನೋವಿಲ್ಲದ ಗಂಟು ಯಾರನ್ನೂ ಅವಸರಪಡಿಸುವುದಿಲ್ಲ. ಸ್ತನದ ಗಂಟು ಬಹುಪಾಲು ನೋಯುವುದಿಲ್ಲ. ನೋವಿಲ್ಲವಾದ್ದರಿಂದ ‘ದೊಡ್ಡದೇನೂ ಇರಲಿಕ್ಕಿಲ್ಲ’ ಎಂದು ತೋರುವುದೇ ಅದರ ಮೋಸ. ಮುಟ್ಟು ನಿಂತ ಮೇಲೆ ಕಾಣಿಸಿಕೊಂಡ ರಕ್ತಸ್ರಾವವನ್ನು ಯಾರ ಬಳಿ ಹೇಳುವುದು? ಸಾಮಾನ್ಯ ಕಾಲದಲ್ಲಿಯೇ ಈ ಮಾತು ಅತ್ತಿಗೆಗೋ ಅಕ್ಕನಿಗೋ ಗುಟ್ಟಾಗಿ ತಿಳಿದು, ಅವರ ಒತ್ತಾಯದ ಮೇಲೆ ಆಸ್ಪತ್ರೆಗೆ ಹೋಗುವುದು ವಾಡಿಕೆ. ತವರಿಗೆ ಹೋಗುವಂತಿಲ್ಲ, ಮದುವೆ ಮುಂಜಿಗಳಿಲ್ಲ, ಕುಡುಂಬಶ್ರೀ ಸಂಘದ ವಾರದ ಸಭೆಯೂ ಇಲ್ಲ ಎಂದಾದ ಮೇಲೆ ಗುಟ್ಟು ಹೇಳಿಕೊಳ್ಳುವ ಜಾಗಗಳೂ ಮುಚ್ಚಿದವು. ಗಂಡಸರಿಗೆ ಕೆಲಸವಿಲ್ಲ; ಬೀಡಿ ಕಟ್ಟುವ ಮನೆಗಳಲ್ಲಿ ಎಲೆಯೂ ಹೊಗೆಸೊಪ್ಪೂ ಬರಲಿಲ್ಲ, ಕಟ್ಟಿದ್ದನ್ನು ಒಯ್ಯುವವರೂ ಇರಲಿಲ್ಲ. ಅಂಥ ಹೊತ್ತಿನಲ್ಲಿ ಟ್ಯಾಕ್ಸಿಯ ಬಾಡಿಗೆ ಕೇಳುವುದು ಮನೆಯ ಹೆಂಗಸಿಗೆ ಸಂಕೋಚದ ವಿಷಯ. ಇಡೀ ಮನೆ ದಿನವಿಡೀ ಮನೆಯಲ್ಲೇ ಇದ್ದುದರಿಂದ ಅವಳ ಅಡುಗೆ, ಶುಶ್ರೂಷೆ, ಮೇಲ್ವಿಚಾರಣೆಯ ಕೆಲಸ ಇಮ್ಮಡಿಯಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ದೂರವಾಣಿಯಲ್ಲಿ ವೈದ್ಯರನ್ನು ಕಾಣುವ ಅವಕಾಶ ಬಂದದ್ದು ನಿಜ. ಅದಕ್ಕೆ ಸಂಬಂಧಿಸಿದ ರಾಷ್ಟ್ರೀಯ ಮಾರ್ಗಸೂಚಿ ಹೊರಬಿದ್ದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಆರಂಭವಾದ ದಿನವೇ. ಚಿಕಿತ್ಸೆಯಲ್ಲಿದ್ದವರ ಮಾತ್ರೆ ಬದಲಿಸಲು, ರಕ್ತಪರೀಕ್ಷೆಯ ವರದಿ ನೋಡಲು ಅದು ಬಹಳ ಉಪಯೋಗಕ್ಕೆ ಬಂತು. ಆದರೆ ಗಂಟನ್ನು ಫೋನಿನಲ್ಲಿ ಮುಟ್ಟಿ ನೋಡಲಾಗದು. ಜೂನ್ ತಿಂಗಳಲ್ಲಿ ಆನ್‌ಲೈನ್ ತರಗತಿಗಳು ಪ್ರಾರಂಭವಾದ ಮೇಲೆ ಮನೆಗೊಂದೇ ಇರುವ ಸ್ಮಾರ್ಟ್‌ಫೋನ್ ಮಕ್ಕಳ ಕೈಗೆ ಹೋಯಿತು. ಪಾಠಕ್ಕೂ ತಾಯಿಯ ವೈದ್ಯರಿಗೂ ಒಂದೇ ಫೋನು ಎಂದಾದಾಗ ತಾಯಿ ಯಾವುದನ್ನು ಆರಿಸುತ್ತಾಳೆಂಬುದು ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಿಗೆ ಹೇಳಿ ತಿಳಿಸಬೇಕಾದ ಮಾತಲ್ಲ.

ಇನ್ನೊಂದು ತೊಡಕು ಈ ಸೀಮೆಗೇ ವಿಶೇಷವಾದದ್ದು, ಭಾಷೆಯದು. ಗಡಿ ಮುಚ್ಚಿದಾಗ ತಲಶ್ಶೇರಿಯೋ ಕಾಞಂಗಾಡೋ ಪರ್ಯಾಯವೆಂದು ಭೂಪಟ ನೋಡಿ ಹೇಳುವುದು ಸುಲಭ. ಮಂಗಳೂರಿನ ಆಸ್ಪತ್ರೆಯಲ್ಲಿ ದಾದಿಯ ಜೊತೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡಿ ಹಗುರಾಗುತ್ತಿದ್ದವಳು, ಮಲಯಾಳಂ ಅರ್ಧಂಬರ್ಧ ತಿಳಿಯುವ ಐವತ್ತರ ಹೆಂಗಸು, ಬಿಳಿಸೆರಗು, ಸಂಭೋಗದ ಅನಂತರದ ರಕ್ತಸ್ರಾವ, ಮೊಲೆತೊಟ್ಟಿನಿಂದ ಸೋರುವ ನೀರು ಇವನ್ನೆಲ್ಲ ಅಪರಿಚಿತರ ಮುಂದೆ ಪರಭಾಷೆಯಲ್ಲಿ ವಿವರಿಸಬೇಕು. ಕೋವಿಡ್ ನಿಯಮದಂತೆ ಜೊತೆಗೆ ಬರುವವರೂ ಒಬ್ಬರೇ. ಆ ಒಬ್ಬರು ಹೆಚ್ಚಾಗಿ ಮಗ, ಇಲ್ಲವೇ ಗಂಡನ ತಮ್ಮ. ಶಾಲೆಯಲ್ಲಿ ಮಲಯಾಳಂ ಕಲಿತ ಹದಿನಾಲ್ಕರ ಮಗಳು ತಾಯಿಯ ದುಭಾಷಿಯಾಗುವುದು ಈ ಜಿಲ್ಲೆಯಲ್ಲಿ ಅಪರೂಪದ ದೃಶ್ಯವಲ್ಲ. ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗಲೆಲ್ಲ ಶಾಲೆ, ಪಿ.ಎಸ್‌.ಸಿ. ಪರೀಕ್ಷೆ, ಕಚೇರಿಯ ಅರ್ಜಿ ನಮೂನೆಗಳು ಚರ್ಚೆಗೆ ಬರುತ್ತವೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕನ್ನಡ ಬಲ್ಲ ಒಬ್ಬ ದಾದಿ ಇರಬೇಕೆಂಬ ಬೇಡಿಕೆಗೆ ಅಷ್ಟು ದನಿ ಬಂದಿಲ್ಲ. ಬರಬೇಕಾಗಿದೆ.

ಆಸ್ಪತ್ರೆಗಳು ಕೈಕಟ್ಟಿ ಕುಳಿತಿರಲಿಲ್ಲ ಎಂಬುದನ್ನೂ ಹೇಳಬೇಕು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಸೋಂಕು ನಗರವನ್ನೇ ಆವರಿಸಿದ್ದ 2020ರ ಮಾರ್ಚ್ 23ರಿಂದ ಏಪ್ರಿಲ್ 30ರ ವರೆಗಿನ ಅವಧಿಯಲ್ಲಿ 494 ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳನ್ನು ನಡೆಸಿತು. ಶಸ್ತ್ರಚಿಕಿತ್ಸೆಯ ಅನಂತರ ಆರು ಮಂದಿಯಲ್ಲಿ ಸೋಂಕು ಪತ್ತೆಯಾಯಿತು, ಒಬ್ಬರೂ ಸಾಯಲಿಲ್ಲ. ಎಚ್ಚರಿಕೆಯಿಂದ ನಡೆದುಕೊಂಡರೆ ಚಿಕಿತ್ಸೆ ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ ಅದು ಮೊದಲ ಗಟ್ಟಿ ಸಾಕ್ಷಿಗಳಲ್ಲಿ ಒಂದಾಯಿತು. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಇದ್ದವರಿಗೆ ಶಸ್ತ್ರಚಿಕಿತ್ಸೆಯ ಸರದಿ ಬರುವವರೆಗೆ ದಿನಕ್ಕೊಂದು ಮಾತ್ರೆ ಕೊಟ್ಟು ರೋಗವನ್ನು ತಡೆದು ನಿಲ್ಲಿಸುವ ಉಪಾಯವನ್ನು ಅನೇಕ ಕಡೆ ವೈದ್ಯರು ಅನುಸರಿಸಿದರು. ಬ್ರಿಟನ್ನಿನಲ್ಲಿ ವರ್ಷಗಳಿಂದ ನಡೆಯುತ್ತಿದ್ದ ಅಧ್ಯಯನವೊಂದರ ಫಲಿತಾಂಶ ಕಾಕತಾಳೀಯವಾಗಿ 2020ರ ಏಪ್ರಿಲಿನಲ್ಲಿಯೇ ಪ್ರಕಟವಾಯಿತು: ಸ್ತನದ ಶಸ್ತ್ರಚಿಕಿತ್ಸೆಯ ಅನಂತರ ಮೂರು ವಾರಗಳಲ್ಲಿ ಹದಿನೈದು ಬಾರಿ ಕೊಡುವ ವಿಕಿರಣದ ಬದಲು ಒಂದೇ ವಾರದಲ್ಲಿ ಐದು ಬಾರಿ ಕೊಟ್ಟರೂ ಫಲ ಅಷ್ಟೇ ಚೆನ್ನಾಗಿರುತ್ತದೆ ಎಂದು ಅದು ತೋರಿಸಿತು. ದೂರದಿಂದ ಬರುವ ಬಡ ರೋಗಿಗೆ ಹತ್ತು ಪ್ರಯಾಣಗಳು ಉಳಿದವೆಂದರೆ ಅದು ಸಣ್ಣ ಮಾತೇ? ಮಹಾಮಾರಿ ಬಿಟ್ಟುಹೋದ ಕೆಲವೇ ಒಳ್ಳೆಯ ಸಂಗತಿಗಳಲ್ಲಿ ಇದೂ ಒಂದು.

ಕೇರಳದಲ್ಲಿ ತಿರುವನಂತಪುರದ ಕೇಂದ್ರದ ರೋಗಿಗಳಿಗೆ ಅವರವರ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿಯೇ ಕೀಮೊ ಮತ್ತು ಮರುತಪಾಸಣೆಯ ಏರ್ಪಾಡನ್ನು ಆರೋಗ್ಯ ಇಲಾಖೆ ಮಾಡಿತು. ಅಗ್ನಿಶಾಮಕ ದಳದ ಸಿಬ್ಬಂದಿ ಠಾಣೆಯಿಂದ ಠಾಣೆಗೆ ಕೈಬದಲಿಸುತ್ತ ಔಷಧಿಯ ಪೊಟ್ಟಣಗಳನ್ನು ಮನೆಗಳಿಗೆ ಮುಟ್ಟಿಸಿದರು. ಪಂಚಾಯತುಗಳ ಉಪಶಾಮಕ ಶುಶ್ರೂಷಾ ದಾದಿಯರು, ನೋವಿನ ಔಷಧಿಯಿಲ್ಲದೆ ಒಂದು ದಿನವೂ ಕಳೆಯಲಾಗದವರ ಮನೆಗಳಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ವೈದ್ಯಕೀಯ ವ್ಯವಸ್ಥೆ ರೋಗಿಯ ಕಡೆಗೆ ನಡೆದು ಬಂದರೆ ಏನಾಗಬಹುದೆಂಬುದಕ್ಕೆ ಈ ಮೂರೂ ನಿದರ್ಶನಗಳು. ಆದರೆ ಇವೆಲ್ಲ ಕೇರಳದ ಪುಸ್ತಕದಲ್ಲಿ ಹೆಸರಿದ್ದ ರೋಗಿಗಳಿಗೆ ಸಂದ ಅನುಕೂಲ. ಮಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಕಡತವಿದ್ದವರ ಹೆಸರು ಈ ರಾಜ್ಯದ ಯಾವ ಪಟ್ಟಿಯಲ್ಲೂ ಇರಲಿಲ್ಲ. ಎರಡು ರಾಜ್ಯಗಳ ನಡುವೆ ಬಾಳುವವರ ಪಾಡು ಹೆಚ್ಚಾಗಿ ಹೀಗೆಯೇ.

ಮೊದಲ ಅಲೆ ಇಳಿದ ಮೇಲೂ ಗಡಿಯ ತೊಂದರೆ ಮುಗಿಯಲಿಲ್ಲ. 2021ರ ಫೆಬ್ರವರಿಯಲ್ಲಿ, ಮತ್ತೆ ಅದೇ ವರ್ಷದ ಜುಲೈ ಕೊನೆಯಿಂದ, ಕೇರಳದಿಂದ ಬರುವವರು 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ ತರಬೇಕೆಂದು ಕರ್ನಾಟಕ ವಿಧಿಸಿತು. ತುರ್ತಿಗೆ ವಿನಾಯಿತಿ ಇತ್ತು. ಪ್ರತಿದಿನ ವಿಕಿರಣಕ್ಕೆ ಹೋಗಬೇಕಾದವಳಿಗೆ ಮಾತ್ರ ಅದೇ ಹಳೆಯ ಪ್ರಶ್ನೆ: ತನ್ನದು ತುರ್ತೋ ಅಲ್ಲವೋ? ಕೋವಿಡ್ ಲಸಿಕೆ ಬಂದಾಗ 2021ರ ಮಾರ್ಚ್ 1ರಿಂದ 45 ದಾಟಿದ ಕ್ಯಾನ್ಸರ್ ರೋಗಿಗಳಿಗೆ ಆದ್ಯತೆ ದೊರೆಯಿತು. ಸ್ತನ ಕ್ಯಾನ್ಸರ್ ಬಂದ ನಲವತ್ತರ ಆಸುಪಾಸಿನ ತಾಯಂದಿರು ಆ ಸಾಲಿನಿಂದ ಹೊರಗುಳಿದರು. ಲಸಿಕೆಯ ಅನಂತರ ಕಂಕುಳಿನ ಗ್ರಂಥಿಗಳು ಕೆಲವು ವಾರ ಊದಿಕೊಳ್ಳುವುದುಂಟು. ಸ್ತನ ಕ್ಯಾನ್ಸರ್ ಹರಡುವುದೂ ಮೊದಲು ಅದೇ ಗ್ರಂಥಿಗಳಿಗೆ. ಹೀಗಾಗಿ ಚಿಕಿತ್ಸೆ ಮುಗಿಸಿ ನೆಮ್ಮದಿಯಾಗಿದ್ದ ಹೆಂಗಸರೂ ಕೆಲವರು ವೃಥಾ ಹೆದರಿದರು. ಕ್ಯಾನ್ಸರ್ ಇರುವ ಬದಿಯ ತೋಳನ್ನು ಬಿಟ್ಟು ಇನ್ನೊಂದು ತೋಳಿಗೆ ಚುಚ್ಚಿಸಿಕೊಳ್ಳಿ ಎಂಬ ಸಲಹೆ ಬಂದದ್ದು ಆ ಕಾರಣಕ್ಕೆ.

ಇಷ್ಟಾದರೂ ಎಲ್ಲ ಹೊಣೆಯನ್ನು ಮಹಾಮಾರಿಯ ತಲೆಗೆ ಕಟ್ಟಿದರೆ ಅದು ಅರ್ಧಸತ್ಯ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಂಡವರು ಶೇ. 1.9, ಸ್ತನ ತಪಾಸಣೆ ಮಾಡಿಸಿಕೊಂಡವರು ಶೇ. 0.9. ನೂರರಲ್ಲಿ ಒಬ್ಬಿಬ್ಬರು ಹೋಗುತ್ತಿದ್ದ ಬಾಗಿಲು ಮುಚ್ಚಿದ್ದರಿಂದ ಉಳಿದ ತೊಂಬತ್ತೆಂಟು ಮಂದಿಗೆ ಆದ ನಷ್ಟವೇನು? ಅವರಿಗೆ ಲಾಕ್‌ಡೌನ್ ಮೊದಲೇ ಇತ್ತು.

ತಪಾಸಣೆ ಎಂದರೆ ದೊಡ್ಡ ಯಂತ್ರ, ದೊಡ್ಡ ಖರ್ಚು ಎಂಬ ಭಾವನೆ ಬೇಕಾಗಿಲ್ಲ. ಗಡಿನಾಡಿನ ಇನ್ನೊಂದು ತುದಿಯಲ್ಲಿ, ಸೊಲ್ಲಾಪುರಕ್ಕೆ ಹೊಂದಿಕೊಂಡಿರುವ, ಆಗ ಉಸ್ಮಾನಾಬಾದ್ ಎನಿಸಿದ್ದ ಜಿಲ್ಲೆಯ ಹಳ್ಳಿಗಳಲ್ಲಿ, ಬಾರ್ಶಿಯ ನರ್ಗಿಸ್ ದತ್ತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯೂ ಸೇರಿ ನಡೆಸಿದ ದೊಡ್ಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. 1,31,746 ಮಹಿಳೆಯರು ಅದರಲ್ಲಿದ್ದರು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾದ ಎಚ್‌ಪಿವಿ ಎಂಬ ವೈರಾಣುವಿಗಾಗಿ ಒಂದೇ ಒಂದು ಬಾರಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟ ಹಳ್ಳಿಗಳಲ್ಲಿ ಎಂಟು ವರ್ಷಗಳೊಳಗೆ ಈ ಕ್ಯಾನ್ಸರಿನಿಂದ ಸತ್ತವರು 34. ಎಂದಿನಂತೆ ಬಿಟ್ಟ ಹಳ್ಳಿಗಳಲ್ಲಿ 64. ಮುಂಬಯಿಯ ಕೊಳೆಗೇರಿಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಇಪ್ಪತ್ತು ವರ್ಷಗಳ ಅಧ್ಯಯನ ಇನ್ನೂ ಸರಳವಾದದ್ದು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನವನ್ನು ಪರೀಕ್ಷಿಸಿದರು. ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ಇಷ್ಟಕ್ಕೆ ಗಡಿ ದಾಟಬೇಕಾಗಿಲ್ಲ. ಊರಿನ ಆರೋಗ್ಯ ಉಪಕೇಂದ್ರದ ಒಂದು ಕೋಣೆ, ಒಂದು ಪರದೆ, ತರಬೇತಾದ ಒಬ್ಬ ಹೆಣ್ಣುಮಗಳು ಸಾಕು.

ಮಹಾಮಾರಿಯ ನಡುವೆಯೇ, 2020ರ ನವೆಂಬರ್ 17ರಂದು, ವಿಶ್ವ ಆರೋಗ್ಯ ಸಂಸ್ಥೆ ಗರ್ಭಕಂಠದ ಕ್ಯಾನ್ಸರನ್ನು ನಿರ್ಮೂಲಗೊಳಿಸುವ ಯೋಜನೆಯನ್ನು ಘೋಷಿಸಿತು. 2030ರೊಳಗೆ ಶೇ. 90 ಹೆಣ್ಣುಮಕ್ಕಳಿಗೆ ಹದಿನೈದು ತುಂಬುವ ಮೊದಲು ಲಸಿಕೆ, ಶೇ. 70 ಮಹಿಳೆಯರಿಗೆ 35ರಲ್ಲಿ ಮತ್ತು 45ರಲ್ಲಿ ತಪಾಸಣೆ, ರೋಗ ಕಂಡವರಲ್ಲಿ ಶೇ. 90 ಮಂದಿಗೆ ಚಿಕಿತ್ಸೆ ಎಂಬುದು ಅದರ ಗುರಿ. ಇಲ್ಲಿ ಶಾಲೆಯ ಪಾತ್ರ ದೊಡ್ಡದು. ಎಚ್‌ಪಿವಿ ಲಸಿಕೆ ಅನೇಕ ದೇಶಗಳಲ್ಲಿ ಶಾಲೆಯ ಮೂಲಕವೇ ಕೊಡುವ ಲಸಿಕೆ. ಆದ್ದರಿಂದಲೇ ಶಾಲೆಗಳು ಮುಚ್ಚಿದಾಗ ಅದಕ್ಕೂ ಪೆಟ್ಟು ಬಿತ್ತು. 2019ರಲ್ಲಿ ಜಗತ್ತು ಸಾಧಿಸಿದ್ದ ವ್ಯಾಪ್ತಿಯಲ್ಲಿ ಕಾಲುಭಾಗಕ್ಕೂ ಹೆಚ್ಚು 2021ರ ವೇಳೆಗೆ ಕೈತಪ್ಪಿತ್ತು. ಭಾರತದಲ್ಲಿ ಸಿಕ್ಕಿಂ 2018ರಲ್ಲಿಯೇ 9ರಿಂದ 14ರ ವಯಸ್ಸಿನ ತನ್ನ ಹೆಣ್ಣುಮಕ್ಕಳಿಗೆ ಶಾಲೆಗಳ ಮೂಲಕ ಈ ಲಸಿಕೆ ಕೊಟ್ಟು ದಾರಿ ತೋರಿತ್ತು. ಪುಣೆಯ ಸೀರಂ ಸಂಸ್ಥೆಯ ‘ಸರ್ವಾವ್ಯಾಕ್’ 2023ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಸ್ವದೇಶಿ ಲಸಿಕೆಯೂ ಸಿಗುವಂತಾಗಿದೆ. ಲೈಂಗಿಕ ಜೀವನ ಆರಂಭವಾಗುವ ಮೊದಲೇ ಕೊಟ್ಟರೆ ಪೂರ್ಣ ಫಲ ಎಂಬ ಕಾರಣಕ್ಕೆ ಇದನ್ನು ಈ ವಯಸ್ಸಿನಲ್ಲಿ ಕೊಡುವುದು. ಶಿಕ್ಷಕ ರಕ್ಷಕ ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ ಪೋಷಕರು ಮುಜುಗರಪಟ್ಟು ಮಾತು ಬದಲಿಸುವ ಬದಲು ಆರೋಗ್ಯ ಕೇಂದ್ರದ ವೈದ್ಯರನ್ನು ಕರೆಸಿ, ಕನ್ನಡದಲ್ಲಿ ವಿವರ ಕೇಳುವುದು ಮೇಲು.

ಕಾಸರಗೋಡಿನಲ್ಲಿ ಆ ದಿನಗಳು ಕೆಲವು ಕಟ್ಟಡಗಳಿಗೆ ಬಾಗಿಲು ತೆರೆಸಿದವು. 2013ರಲ್ಲಿ ಶಿಲಾನ್ಯಾಸಗೊಂಡು ಕುಂಟುತ್ತಿದ್ದ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜು 2020ರ ಏಪ್ರಿಲ್ 6ರಂದು ಕೋವಿಡ್ ಆಸ್ಪತ್ರೆಯಾಗಿ ಕೆಲಸ ಆರಂಭಿಸಿತು. ಅದೇ ಸೆಪ್ಟೆಂಬರಿನಲ್ಲಿ ಟಾಟಾ ಸಮೂಹ ಚಟ್ಟಂಚಾಲಿನ ಬಳಿ ಐನೂರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯನ್ನು ಕಟ್ಟಿ ಸರಕಾರಕ್ಕೆ ಒಪ್ಪಿಸಿತು. ಕೆಲವೇ ತಿಂಗಳಲ್ಲಿ ಆಸ್ಪತ್ರೆ ಎಬ್ಬಿಸಬಹುದು ಎಂದಾದರೆ ಇಷ್ಟು ದಶಕ ಏಕೆ ಆಗಲಿಲ್ಲ ಎಂಬ ಪ್ರಶ್ನೆ ಈ ಜಿಲ್ಲೆಯವರ ಬಾಯಲ್ಲಿ ಇವತ್ತಿಗೂ ಇದೆ. 2025ರ ಫೆಬ್ರವರಿಯಲ್ಲಿ ಕೇರಳ ಸರಕಾರ ಮಹಿಳೆಯರನ್ನೇ ಮೊದಲಿಗೆ ಉದ್ದೇಶಿಸಿ ಕ್ಯಾನ್ಸರ್ ತಪಾಸಣೆಯ ಜನಾಂದೋಲನವನ್ನು ಕೈಗೊಂಡಿತು. 2020ರಲ್ಲಿ ರೋಗ ಪತ್ತೆಯಾದವರಿಗೆ ಐದು ವರ್ಷ ತುಂಬಿದ್ದೂ ಅದೇ ವರ್ಷ. ಕ್ಯಾನ್ಸರ್ ವೈದ್ಯರು ಬದುಕುಳಿದವರನ್ನು ಎಣಿಸುವುದು ಐದನೆಯ ವರ್ಷದಲ್ಲಿ.

ಗಡಿಯಾಚೆ ಚಿಕಿತ್ಸೆ ಪಡೆಯುವವರ ಮನೆಗಳಲ್ಲಿ ಇಂದಿಗೂ ಮಾಡಿಡಬಹುದಾದ ಕೆಲಸವೊಂದಿದೆ. ಬಯಾಪ್ಸಿಯ ವರದಿ, ಶಸ್ತ್ರಚಿಕಿತ್ಸೆಯ ಸಾರಾಂಶ, ಕೊಟ್ಟ ಕೀಮೊ ಔಷಧಿಗಳ ಹೆಸರು, ಪ್ರಮಾಣ ಮತ್ತು ದಿನಾಂಕ, ವಿಕಿರಣ ಎಷ್ಟು ಬಾರಿ ಆಯಿತು, ಎಷ್ಟು ಬಾಕಿ ಎಂಬ ಚೀಟಿ ಇವುಗಳ ಒಂದೊಂದು ಪ್ರತಿ ಮನೆಯಲ್ಲಿರಲಿ, ಫೋನಿನಲ್ಲಿಯೂ ಇರಲಿ. ಹೆಸರನ್ನು ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿಯೂ ಬರೆಸಿಟ್ಟಿರಲಿ. ಮಳೆಗೆ ರಸ್ತೆ ಕಡಿದರೂ, ಬಸ್ಸು ಮುಷ್ಕರವಾದರೂ, ಇನ್ನೊಂದು ರೋಗ ಬಂದು ತಲಪಾಡಿಯಲ್ಲಿ ಮತ್ತೆ ಅಡ್ಡಗಂಬ ಬಿದ್ದರೂ, ಆ ಕಾಗದ ಕೈಯಲ್ಲಿದ್ದರೆ ಕಾಞಂಗಾಡಿನ ವೈದ್ಯರು ಮಂಗಳೂರಿನ ವೈದ್ಯರು ನಿಲ್ಲಿಸಿದ ದಿನದಿಂದ ಮುಂದಕ್ಕೆ ಎಣಿಸಬಲ್ಲರು.